ಗೇರ್‌ಬಾಕ್ಸಿನ ಫಿಲ್ಟರನ್ನು ಬದಲಿಸಬೇಕೆ?

ನಮ್ಮ ತಂದೆಯವರು ಬಾಡಿಗೆ ಕಾರು ಓಡಿಸುವವರು. ಅವರ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸು ಕೆಟ್ಟಾಗ ಎರಡು ತಿಂಗಳು ಸಂಪಾದನೆ ನಿಂತಿತು. ನನ್ನ ಪರೀಕ್ಷಾ ಶುಲ್ಕಕ್ಕೂ ಸಾಲವಾಯಿತು. ಆಯಿಲನ್ನು ತಪ್ಪದೆ ಬದಲಿಸಿದ್ದರು. ಫಿಲ್ಟರನ್ನು ಯಾರೂ ಮುಟ್ಟಿರಲಿಲ್ಲ. ಬಿಚ್ಚಿ ನೋಡಿದರೆ ಅದು ಕಪ್ಪು ಕೆಸರಿನಿಂದ ಮುಚ್ಚಿಹೋಗಿತ್ತು.

ಕಾಲಿನಿಂದ ಕ್ಲಚ್ಚು ತುಳಿಯುವ ಕಾರಿನಲ್ಲಿ ಸಾಮಾನ್ಯವಾಗಿ ಈ ಪ್ರಶ್ನೆಯೇ ಏಳದು. ಅಲ್ಲಿ ಹಲ್ಲುಗಾಲಿಗಳು ಆಯಿಲಿನಲ್ಲಿ ಅದ್ದಿಕೊಂಡು ತಿರುಗುತ್ತವೆ, ಅಷ್ಟೆ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನೊಡನೆ ಬಳಕೆಗೆ ಬಂದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕ್ರಮವೇ ಬೇರೆ. ಅದರಲ್ಲಿ ಗೇರು ಬದಲಾಗುವುದು ಆಯಿಲಿನ ಒತ್ತಡದಿಂದ. ತಳದ ತಟ್ಟೆಯಲ್ಲಿರುವ ಆಯಿಲನ್ನು ಪಂಪು ಫಿಲ್ಟರಿನ ಮೂಲಕ ಹೀರಿ ಒಳಗಿನ ಕ್ಲಚ್ಚುಗಳಿಗೆ ಕಳುಹಿಸುತ್ತದೆ. ಕ್ಲಚ್ಚಿನ ಬಿಲ್ಲೆಗಳು ಸವೆದು ಉದುರಿದ ಪುಡಿ ಫಿಲ್ಟರನ್ನು ಕಟ್ಟಿದರೆ ಪಂಪಿಗೆ ಆಯಿಲು ಸಾಲದು, ಒತ್ತಡ ಇಳಿಯುವುದು, ಹಿಡಿತ ತಪ್ಪಿದ ಬಿಲ್ಲೆಗಳು ಜಾರಿ ಸುಡುವುವು.

ಆದರೆ ಎಲ್ಲ ಫಿಲ್ಟರುಗಳೂ ಒಂದೇ ಬಗೆಯವಲ್ಲ. ಕಾಗದ ಅಥವಾ ಫೆಲ್ಟಿನದಾದರೆ, ಆಯಿಲಿಗಾಗಿ ತಟ್ಟೆಯನ್ನು ಕಳಚಿದಾಗಲೇ ಗ್ಯಾಸ್ಕೆಟ್ಟಿನೊಡನೆ ಬದಲಿಸುವುದು ಲೇಸು. ಮತ್ತೊಮ್ಮೆ ಕೂಲಿ ತೆರಬೇಕಾಗಿಲ್ಲ. ಲೋಹದ ಜಾಲರಿಯಾದರೆ ಅನೇಕ ವೇಳೆ ತೊಳೆದು ಹಾಕಿದರೆ ಸಾಕು. ಕೆಲವು ಗೇರ್‌ಬಾಕ್ಸುಗಳಲ್ಲಿ ಫಿಲ್ಟರು ಒಡಲೊಳಗಿದ್ದು, ಇಡೀ ಪೆಟ್ಟಿಗೆಯನ್ನು ಬಿಚ್ಚದೆ ಕೈಗೆ ಸಿಗದು. ಅಲ್ಲಿ ಆಯಿಲು ಬದಲಿಸುವುದೇ ಗತಿ.

ತಟ್ಟೆಯಲ್ಲಿರುವ ಅಯಸ್ಕಾಂತವನ್ನೂ ನೋಡಬೇಕು. ನುಣ್ಣನೆಯ ಬೂದುಬಣ್ಣದ ಕೆಸರು ಸಹಜವಾದ ಸವೆತ. ಲೋಹದ ಚೂರುಗಳಿದ್ದರೆ ಹೊಸ ಫಿಲ್ಟರಿನಿಂದ ರೋಗ ವಾಸಿಯಾಗದು.

“ಇದರ ಫಿಲ್ಟರು ಯಾವ ಬಗೆಯದು?” ಎಂದು ಕೇಳುವುದಕ್ಕೆ ಖರ್ಚಿಲ್ಲ. ನಮ್ಮ ತಂದೆಯವರು ಈಗ ಕೇಳುತ್ತಾರೆ.