ಉಬ್ಬಸದ ವೈರಿಂಗ್

ಮಳೆಗಾಲದಲ್ಲಿ ಶೆಟ್ಟಿಕೊಪ್ಪ ಕಡೆ ಗೋಡೆ, ಕಂಬಳಿ, ಬ್ಯಾಗು ಎಲ್ಲಕ್ಕೂ ಬೂಷ್ಟು. ಉಬ್ಬಸ ಇರೋರಿಗೆ ಎದೆ ಗೊರಗೊರ ಅನ್ನೋಕೆ ಅಷ್ಟೇ ಸಾಕು. ಸರಿ, ಅದು ಅಲರ್ಜಿ. ಆದ್ರೆ ಅದೇ ಮನುಷ್ಯನಿಗೆ ಬಚ್ಚಲೊಲೆ ಹೊಗೆಗೆ, ಥಂಡಿ ಗಾಳಿಗೆ, ವೈವಾ ದಿನದ ಗಾಬರಿಗೂ ಎದೆ ಬಿಗಿಯುತ್ತಲ್ಲ, ಅಲ್ಲಿ ಯಾವ ಬೂಷ್ಟು ಇದೆ? "ಎಲ್ಲಾ ನಿನ್ನ ಮನಸ್ಸಲ್ಲಿರೋದು ಮಾರಾಯ" ಅಂತ ಹಾಸ್ಟೆಲ್‌ನಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ಆ ಮಾತು ಅಪಾಯದ್ದು.

ಮೆದುಳಿನ ಬುಡದಿಂದ ಹೊರಡುವ ವೇಗಸ್ ನರ ಶ್ವಾಸನಾಳದವರೆಗೂ ಬರುತ್ತದೆ. ಸೆನ್ಸರ್ ತಂತಿ, ಆಕ್ಚುಯೇಟರ್ ತಂತಿ ಎರಡೂ ಇದರಲ್ಲೇ ಇವೆ. ಹೊಗೆ ತಾಗಿದ ಸುದ್ದಿ ಮೇಲಕ್ಕೆ ಹೋಗುತ್ತದೆ. ಮರುಸಂದೇಶ ಬಂದಾಗ ನರದ ತುದಿಯಿಂದ ಅಸಿಟೈಲ್‌ಕೋಲೀನ್ ಹೊರಬಿದ್ದು ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪಿದೆಯಾ? ಲ್ಯಾಮಿನಾರ್ ಹರಿವಿನಲ್ಲಿ ಕೊಳವೆಯ ತ್ರಿಜ್ಯ ಅರ್ಧವಾದರೆ ಪ್ರತಿರೋಧ 16 ಪಟ್ಟು. (ಶ್ವಾಸನಾಳ ಅಷ್ಟು ನೇರವಾದ ಕೊಳವೆ ಅಲ್ಲ ಬಿಡಿ, ಆದರೂ ಲೆಕ್ಕದ ದಿಕ್ಕು ಅದೇ.) ರಾತ್ರಿ ಹೊತ್ತು ವೇಗಸ್‌ನ ಹಿಡಿತ ಜಾಸ್ತಿ. ಬೆಳಗಿನ ಜಾವ ಉಬ್ಬಸ ಕೆರಳೋದಕ್ಕೆ ಅದೂ ಒಂದು ಕಾರಣ.

ಅಲರ್ಜಿಯೂ ಈ ವೈರಿಂಗಿನಿಂದ ಹೊರಗಿಲ್ಲ. ಮಾಸ್ಟ್ ಕೋಶಗಳು ಸುರಿಯುವ ಹಿಸ್ಟಮಿನ್ ಪಕ್ಕದ ನರವನ್ನೂ ಕೆರಳಿಸುತ್ತದೆ. ನರ ಸಬ್‌ಸ್ಟೆನ್ಸ್ ಪಿ ಬಿಟ್ಟರೆ ಊತ ಹೆಚ್ಚುತ್ತದೆ, ಮಾಸ್ಟ್ ಕೋಶಗಳು ಮತ್ತೆ ಕೆರಳಬಹುದು. ಅಪ್ಪಟ ಪಾಸಿಟಿವ್ ಫೀಡ್‌ಬ್ಯಾಕ್.

ಈಗ ಮನಸ್ಸಿನ ವಿಷಯ. 1968ರಲ್ಲಿ ಅಮೆರಿಕದ ಲುಪರೆಲ್ಲೊ ಮತ್ತು ಸಂಗಡಿಗರು ಉಬ್ಬಸವಿದ್ದ 40 ಮಂದಿಗೆ ಬರೀ ಉಪ್ಪುನೀರಿನ ತುಂತುರು ಉಸಿರಾಡಲು ಕೊಟ್ಟು, ಇದು ನಿಮಗೆ ಆಗದ ವಸ್ತು ಅಂದರು. 19 ಮಂದಿಯ ಶ್ವಾಸನಾಳ ಬಿಗಿಯಿತು, ಅದೂ ಉಪಕರಣದಲ್ಲಿ ಅಳೆದು ನೋಡಿದ್ದು. ಮುಂದಿನ ಪ್ರಯೋಗದಲ್ಲಿ ಅಟ್ರೋಪಿನ್ ಕೊಟ್ಟು ವೇಗಸ್‌ನ ಸಂದೇಶ ತಡೆದಾಗ ಆ ಪರಿಣಾಮ ಕಾಣಲಿಲ್ಲ. ಅಂದ್ರೆ ಬರೀ ಮಾತಿನಿಂದ ಶುರುವಾದರೂ ಬಿಗಿದದ್ದು ನಿಜವಾದ ಸ್ನಾಯು. ನಾಟಕ ಅಲ್ಲ.

ಅಟ್ರೋಪಿನ್ ನಮ್ಮ ರಸ್ತೆಬದಿಯ ದತ್ತೂರಿಯಲ್ಲೂ ಇದೆ. ಉಬ್ಬಸಕ್ಕೆ ಅದರ ಹೊಗೆ ಸೇದುವ ಪದ್ಧತಿ 1802ರ ಸುಮಾರಿಗೆ ಮದರಾಸಿನಿಂದ ಬ್ರಿಟನ್ನಿಗೂ ಹೋಗಿತ್ತು. (ನೀವು ಪ್ರಯೋಗ ಮಾಡೋಕೆ ಹೋಗಬೇಡಿ, ವಿಷ ಅದು.) ಇಂದಿನ ಇಪ್ರಟ್ರೋಪಿಯಂ ತಡೆಯುವುದೂ ಅದೇ ಸಂದೇಶವನ್ನು. ಸಾಲ್ಬುಟಮಾಲ್‌ನ ದಾರಿ ಬೇರೆ: ಅಡ್ರಿನಲಿನ್ ಹಿಡಿಯುವ ಬೀಟಾ-2 ಗ್ರಾಹಕದ ಮೂಲಕ ಸ್ನಾಯು ಸಡಿಲಿಸುತ್ತದೆ. ಆದರೆ ಒಳಗಿನ ಊತ ಇಳಿಸೋದು ಸ್ಟೀರಾಯ್ಡ್ ಇನ್‌ಹೇಲರ್. ಡಾಕ್ಟರು ದಿನಾ ತಗೋ ಅಂದಿದ್ದನ್ನ, ಪರೀಕ್ಷೆ ಮುಗೀತು ಟೆನ್ಷನ್ ಹೋಯ್ತು ಅಂತ ನಿಲ್ಲಿಸೋ ಹಾಗಿಲ್ಲ. ರೂಮ್‌ಮೇಟ್‌ಗೆ ಒಂದು ವಾಕ್ಯ ಪೂರ್ತಿ ಮಾತಾಡೋಕೂ ಉಸಿರು ಸಾಲದಿದ್ರೆ, ಇನ್‌ಹೇಲರ್‌ಗೂ ಬಗ್ಗದಿದ್ರೆ, ಸಮಾಧಾನ ಹೇಳ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.