ಗಣಿಯ ಅಂಗಳದಲ್ಲೊಂದು ವಸ್ತುಸಂಗ್ರಹಾಲಯ



ವಸ್ತುಸಂಗ್ರಹಾಲಯ ಎಂದೊಡನೆ ನಗರದ ನಡುವಿನ ದೊಡ್ಡ ಕಟ್ಟಡ ನೆನಪಾಗುತ್ತದೆ. ಆದರೆ ಚೀನಾದ ಹುಬೈ ಪ್ರಾಂತ್ಯದ ದಾಯೆಯಲ್ಲಿ 1984ರಲ್ಲಿ ಆರಂಭವಾದ ಸಣ್ಣ ಪುರಾತತ್ವ ವಸ್ತುಸಂಗ್ರಹಾಲಯವಿದ್ದದ್ದು ತಾಮ್ರದ ಗಣಿ ಪ್ರದೇಶದಲ್ಲೇ. ಆ ಸ್ಥಳದ ಹೆಸರು ತೊಂಗ್‌ಲುಷಾನ್, ಅಂದರೆ 'ತಾಮ್ರ-ಹಸಿರಿನ ಬೆಟ್ಟ'.

ಈ ಹೆಸರಿನಲ್ಲೇ ರಸಾಯನಶಾಸ್ತ್ರದ ಪಾಠವಿದೆ. ತಾಮ್ರದ ಅದಿರಾದ ಮ್ಯಾಲಕೈಟ್ ಹಸಿರು ಬಣ್ಣದ ಕಾರ್ಬೊನೇಟ್. ಹಳೆಯ ತಾಮ್ರದ ಪಾತ್ರೆಯ ಮೇಲೆ ಕೂರುವ ಹಸಿರು ಕಿಲುಬೂ ಇದೇ ಜಾತಿಯದು. ಅಲ್ಲಿ ಜೀವಶಾಸ್ತ್ರದ ಪಾಠವೂ ಉಂಟು. ತಾಮ್ರ ಹೆಚ್ಚಿರುವ ಮಣ್ಣಿನಲ್ಲಿ ಬಹುತೇಕ ಗಿಡಗಳು ಸೊರಗುತ್ತವೆ. ಆದರೆ ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ ಎಲ್‌ಶೋಲ್ಟ್ಸಿಯಾ ಎಂಬ ಗಿಡ ಅಂಥ ಮಣ್ಣಿನಲ್ಲೂ ಹೂಬಿಡುತ್ತದೆ. ಅಲ್ಲಿಯ ಜನ ಅದನ್ನು 'ತಾಮ್ರದ ಹೂ' ಎನ್ನುತ್ತಾರೆ. ಆ ಹೂವು ಕಂಡಲ್ಲಿ ಅದಿರು ಇರಬಹುದೆಂದು ಊಹಿಸುತ್ತಿದ್ದರು.

1973ರಲ್ಲಿ ತೆರೆದ ಗಣಿಯಲ್ಲಿ ಅದಿರು ಅಗೆಯುವಾಗ ಪ್ರಾಚೀನ ಕಂಚಿನ ಕೊಡಲಿ ದೊರೆಯಿತು. ಮರುವರ್ಷ ಉತ್ಖನನ ಆರಂಭವಾಯಿತು. ಬೆಳಕಿಗೆ ಬಂದದ್ದು ಸುಮಾರು 3,000 ವರ್ಷಗಳ ಹಿಂದೆಯೇ ಕೆಲಸ ನಡೆದು, ಹಾನ್ ರಾಜವಂಶದ ಕಾಲದವರೆಗೂ ಮುಂದುವರಿದ ಗಣಿ! 50 ಮೀಟರಿಗೂ ಆಳದ ಬಾವಿಗಳು, ಅವು ಕುಸಿಯದಂತೆ ನಿಲ್ಲಿಸಿದ ಮರದ ಚೌಕಟ್ಟುಗಳು, ಅದಿರು ಮೇಲೆತ್ತುವ ರಾಟೆ, ಬುಟ್ಟಿ, ಹಗ್ಗ, ನೀರು ಹರಿಸುವ ಮರದ ದೋಣಿಗಳು ಸಿಕ್ಕವು. ಇಷ್ಟು ಕಾಲ ಮರ ಕೊಳೆಯದೆ ಉಳಿದದ್ದು ಹೇಗೆ? ಅವು ನೀರು ತುಂಬಿದ ಮಣ್ಣಿನಲ್ಲಿ ಹುದುಗಿದ್ದವು. ಅಲ್ಲಿ ಆಮ್ಲಜನಕ ತೀರಾ ಕಡಿಮೆ. ಆದ್ದರಿಂದ ಮರವನ್ನು ತಿನ್ನುವ ಶಿಲೀಂಧ್ರಗಳು ಬೆಳೆಯಲಾರವು.

ಸುತ್ತಮುತ್ತ ಸುಮಾರು 4 ಲಕ್ಷ ಟನ್ ಲೋಹಕಿಟ್ಟವಿದೆ ಎಂದು ಅಂದಾಜಿಸಲಾಗಿದೆ. ಅದರಲ್ಲಿ ಉಳಿದಿರುವ ತಾಮ್ರ ಸರಾಸರಿ ಶೇಕಡಾ 1ಕ್ಕಿಂತಲೂ ಕಡಿಮೆ. ಇದ್ದಿಲಿನ ಕುಲುಮೆಯಲ್ಲಿ ಕೆಲಸ ಮಾಡಿದ ಆ ಕುಶಲಕರ್ಮಿಗಳು ತಾಮ್ರವನ್ನು ಎಷ್ಟು ಚೆನ್ನಾಗಿ ಬೇರ್ಪಡಿಸುತ್ತಿದ್ದರು ಎಂಬುದಕ್ಕೆ ಇದೇ ಸಾಕ್ಷಿ. ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ, ಅವರ ಕೆಲಸ ಮಾತ್ರ ಉಳಿದಿದೆ.

ಇಲ್ಲೇ ಕಠಿಣ ಪ್ರಶ್ನೆ ಎದುರಾಯಿತು. ಹಳೆಯ ಗಣಿಯ ಕೆಳಗೆ ಇನ್ನೂ ಬೆಲೆಬಾಳುವ ಅದಿರು ಇತ್ತು. ದೇಶಕ್ಕೆ ತಾಮ್ರ ಬೇಕು, ಕಾರ್ಮಿಕರಿಗೆ ಉದ್ಯೋಗ ಬೇಕು. ಅವಶೇಷಗಳನ್ನು ಬೇರೆಡೆಗೆ ಸಾಗಿಸಿ ಗಣಿಗಾರಿಕೆ ಮುಂದುವರಿಸೋಣ ಎಂದು ಕೆಲವರು ವಾದಿಸಿದರು. ಕೊಡಲಿಯನ್ನೇನೋ ಸಾಗಿಸಬಹುದು, ಆದರೆ ಬಾವಿಯನ್ನು? ಅದಿರಿನ ಜಾಡು ಹಿಡಿದು ಅದು ಯಾವ ದಿಕ್ಕಿಗೆ ತಿರುಗಿತು, ನೀರು ಎತ್ತ ಹರಿಯಿತು ಎಂಬ ಅರ್ಥವೆಲ್ಲ ಆ ನೆಲದಲ್ಲೇ ಇದೆ. ವರ್ಷಗಳ ಚರ್ಚೆಯ ನಂತರ 1991ರಲ್ಲಿ ಚೀನಾ ಸರ್ಕಾರ ಅವಶೇಷಗಳನ್ನು ಇದ್ದಲ್ಲೇ ಉಳಿಸಲು ನಿರ್ಧರಿಸಿತು.

ಇದು ದೂರದ ಕಥೆ ಎನ್ನಬೇಡಿ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲೂ ನೂರಾರು ಅಡಿ ಆಳಕ್ಕೆ ಇಳಿದ ಪ್ರಾಚೀನ ಸುರಂಗಗಳಿವೆ. ಇತಿಹಾಸ ತರಗತಿಯಲ್ಲಿ ಓದುವ, ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನವನ್ನು 1915ರಲ್ಲಿ ಕಂಡವರು ಇತಿಹಾಸಕಾರರಲ್ಲ. ಅವರು ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್.

ನಿಮ್ಮಲ್ಲಿ ಅನೇಕರು ಮುಂದೆ ಎಂಜಿನಿಯರ್‌ಗಳಾಗುವಿರಿ, ಗುತ್ತಿಗೆದಾರರಾಗುವಿರಿ, ಜಮೀನಿನ ಒಡೆಯರಾಗುವಿರಿ. ಪಾಯ ಅಗೆಯುವಾಗ ಹಳೆಯ ಮಡಕೆಯೋ ಅಕ್ಷರ ಕೆತ್ತಿದ ಕಲ್ಲೋ ಸಿಕ್ಕರೆ ಕೆಲಸವನ್ನು ಒಂದು ಗಳಿಗೆ ನಿಲ್ಲಿಸಿ. ಅದನ್ನು ಕದಲಿಸದೆ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ದಾಯೆಯಲ್ಲಿ ಆ ಕೊಡಲಿಯನ್ನು ಯಾರಾದರೂ ಗುಜರಿಗೆ ಹಾಕಿದ್ದರೆ, ಇಂದು ಈ ಪಾಠವೇ ಇರುತ್ತಿರಲಿಲ್ಲ.

ಯೋಚಿಸಿ:
1. ಉದ್ಯೋಗ ಮತ್ತು ಪರಂಪರೆ ಎದುರುಬದುರಾದಾಗ ನೀವು ಹೇಗೆ ತೀರ್ಮಾನಿಸುವಿರಿ?
2. ನಿಮ್ಮೂರಿನಲ್ಲಿ ಇದ್ದಲ್ಲೇ ಉಳಿಸಬೇಕಾದ ಹಳೆಯ ವಸ್ತು ಯಾವುದು? ಏಕೆ?