ನಡಿಗೆ ಮರಳಿ ಕಲಿಯಲು ಅಂಗಳದಲ್ಲೇ ಎರಡು ಗಳ

ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಬರುವ ನೆಂಟರು ಹಣ್ಣಿನ ಜೊತೆಗೆ ಸಲಹೆಯನ್ನೂ ತರುತ್ತಾರೆ. ಒಬ್ಬರು ಎಣ್ಣೆ ಹೇಳುತ್ತಾರೆ, ಇನ್ನೊಬ್ಬರು ಸೊಪ್ಪಿನ ಔಷಧಿ ಕೊಡುವ ಊರು ಹೇಳುತ್ತಾರೆ. ಈಚೆಗೆ ಮೂರನೆಯದೊಂದು ಸೇರಿದೆ, ಮೊಬೈಲಿನಲ್ಲಿ ತೋರಿಸುವ ಯಂತ್ರ. ರೋಗಿಯ ಮೈಭಾರವನ್ನು ಬೆಲ್ಟು ಮೇಲಿನಿಂದ ಹೊರುತ್ತದೆ, ಕೆಳಗೆ ಟ್ರೆಡ್‌ಮಿಲ್ ಓಡುತ್ತದೆ, ಕಾಲನ್ನು ರೋಬೋಟೇ ಎತ್ತಿಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಯವರು ವಿಡಿಯೊ ನೋಡಿ ಮುಗಿಸುವ ಹೊತ್ತಿಗೆ ಬೆಂಗಳೂರಿನ ಖರ್ಚು ಲೆಕ್ಕ ಹಾಕಲು ಶುರು ಮಾಡಿರುತ್ತಾರೆ.

ಆ ಲೆಕ್ಕಕ್ಕೆ ಅವಸರ ಬೇಡ.

ಯಂತ್ರ ಸುಳ್ಳಲ್ಲ. ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್ ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿದೆ. ಮ್ಯಾನ್‌ಹೋಲ್ ಶುಚಿ ಮಾಡುವ ರೋಬೋಟ್‌ನಿಂದ ಹೆಸರಾದ ಕೇರಳದ ಜೆನ್‌ರೋಬೋಟಿಕ್ಸ್ ಕಂಪನಿಯೂ ಜಿ-ಗೈಟರ್ ಎಂಬ ನಡಿಗೆಯ ಯಂತ್ರ ಮಾಡಿದೆ. ಲಕ್ವದ ಮೊದಲ ಮೂರು ತಿಂಗಳಲ್ಲಿ, ಒಂದು ಹೆಜ್ಜೆಯನ್ನೂ ಇಡಲಾಗದವರಿಗೆ ಫಿಸಿಯೋಥೆರಪಿಯ ಜೊತೆ ಇಂಥ ಯಂತ್ರ ಸಿಕ್ಕರೆ ಲಾಭವುಂಟು. ಆದರೆ ಅಮೆರಿಕದಲ್ಲಿ 408 ಲಕ್ವ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ‘ಲೀಪ್ಸ್’ ಅಧ್ಯಯನ ಒಂದು ಅಚ್ಚರಿ ಹೊರಗೆಡಹಿತು. ಬೆಲ್ಟು-ಟ್ರೆಡ್‌ಮಿಲ್ ಮೇಲೆ ನಡೆದವರೂ, ಫಿಸಿಯೋಥೆರಪಿಸ್ಟ್ ಮನೆಗೇ ಬಂದು ಮಾಡಿಸಿದ ವ್ಯಾಯಾಮ ಮಾಡಿದವರೂ ವರ್ಷದ ಕೊನೆಗೆ ಸಮಸಮ ಸುಧಾರಿಸಿದ್ದರು. ಎರಡೂ ಕಡೆ ಸೇರಿ 52% ಜನರ ನಡಿಗೆ ಒಂದು ಹಂತ ಮೇಲೇರಿತ್ತು.

ಹಾಗಂತ ಮನೆಯವರೇ ಸಾಕು ಎಂದುಕೊಂಡರೂ ತಪ್ಪಾದೀತು. ಭಾರತದ 14 ಆಸ್ಪತ್ರೆಗಳ 1250 ರೋಗಿಗಳ ಮೇಲೆ ನಡೆದ ‘ಅಟೆಂಡ್’ ಅಧ್ಯಯನದಲ್ಲಿ ಮನೆಯವರಿಗೆ ತರಬೇತಿ ಕೊಟ್ಟು ಆರೈಕೆಯನ್ನು ಅವರ ಕೈಗೇ ಒಪ್ಪಿಸಿ ನೋಡಿದರು. ಮಾಮೂಲಿ ಚಿಕಿತ್ಸೆಗಿಂತ ಹೆಚ್ಚೇನೂ ಸಿಗಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಬಲ್ಲವರು ಹೇಳಿಕೊಡಬೇಕು, ಮನೆಯವರು ದಿನಾ ಮಾಡಿಸಬೇಕು. ಎರಡರಲ್ಲಿ ಒಂದನ್ನು ಬಿಟ್ಟರೆ ಕೆಲಸ ಕೆಡುತ್ತದೆ.

ಹೀಗಾಗಿ ಮೊದಲ ಹೆಜ್ಜೆ ವೈದ್ಯರ ಒಪ್ಪಿಗೆ. ಬಿ.ಪಿ. ಹತೋಟಿಗೆ ಬಂದಿದೆಯೇ, ಎದೆಯ ತೊಂದರೆ ಇದೆಯೇ, ಮೂಳೆ ಮುರಿದವರಾದರೆ ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂದು ಕೇಳಿಕೊಳ್ಳಬೇಕು. ಲಕ್ವ ಹೊಡೆದ ಮೊದಲ 24 ಗಂಟೆಯಲ್ಲೇ ಎಬ್ಬಿಸಿ ಜೋರಾಗಿ ನಡೆಸುವುದು ಒಳ್ಳೆಯದಲ್ಲ ಎಂಬುದು 2015ರ ‘ಅವರ್ಟ್’ ಅಧ್ಯಯನದಿಂದ ಗೊತ್ತಾಗಿದೆ. ಹಾಗೆಂದು ತಿಂಗಳುಗಟ್ಟಲೆ ಹೊರಸಿನ ಮೇಲೇ ಮಲಗಿಸಿದರೆ ಕೀಲು ಬಿಗಿದು, ಪಾದ ಕೆಳಗೆ ಜೋತು, ಮುಂದೆ ನಿಲ್ಲಿಸುವುದೇ ಕಷ್ಟವಾಗುತ್ತದೆ.

ಇನ್ನು ಅಂಗಳದ ಯಂತ್ರ, ಎಂದರೆ ಅಕ್ಕಪಕ್ಕ ಕಟ್ಟಿದ ಎರಡು ಗಳ. ಫಿಸಿಯೋಥೆರಪಿ ಕೋಣೆಯಲ್ಲಿ ಪ್ಯಾರಲಲ್ ಬಾರ್ ಎನ್ನುವುದು ಇದನ್ನೇ. ಡೇವಿಡ್ ವರ್ನರ್ ಮೆಕ್ಸಿಕೋದ ಹಳ್ಳಿಗಳ ಅನುಭವದಿಂದ 1987ರಲ್ಲಿ ಹೊರತಂದ ಅಂಗವಿಕಲ ಮಕ್ಕಳ ಕುರಿತ ಪುಸ್ತಕದಲ್ಲಿ ಕಟ್ಟಿಗೆ, ಬಿದಿರುಗಳಲ್ಲೇ ಇಂಥವನ್ನು ಮಾಡಿಕೊಳ್ಳುವ ಚಿತ್ರಗಳಿವೆ. ಹತ್ತು ಅಡಿ ಉದ್ದದ ಎರಡು ಗಟ್ಟಿ ಬಿದಿರು ಗಳ, ಅವಕ್ಕೆ ಆಸರೆಯಾಗಿ ಆರು ಗೂಟ ಸಾಕು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪೈಪಿನಲ್ಲೂ ಮಾಡಿಸಬಹುದು. ಗೂಟ ಎರಡು ಅಡಿಯಾದರೂ ನೆಲದೊಳಗೆ ಹೋಗಬೇಕು. ದಪ್ಪ ಮೈಯ ಗಂಡಾಳು ಜೋತುಬಿದ್ದರೂ ಅಲ್ಲಾಡದಿದ್ದರೆ ಪಾಸ್. ಎತ್ತರ ಎಲ್ಲರಿಗೂ ಒಂದೇ ಅಲ್ಲ. ರೋಗಿ ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಗಳ ಇರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಾಗಬೇಕು. ನಿಲ್ಲಲಾಗದವರನ್ನು ಮಲಗಿಸಿಯೇ ಹಿಮ್ಮಡಿಯಿಂದ ಮಣಿಕಟ್ಟಿಗೆ ಅಳೆದುಕೊಳ್ಳಬಹುದು. ಸೊಂಟದ ಎರಡೂ ಬದಿಗೆ ಎರಡೆರಡು ಇಂಚು ಬಿಡುವು ಸಾಕು. ಹೆಚ್ಚು ಅಗಲವಾದರೆ ಕೈಗೆ ಬಲ ಸಿಗದು. ಬಿದಿರಿನ ಗಿಣ್ಣುಗಳನ್ನು ಕೆತ್ತಿ ನುಣುಪು ಮಾಡಬೇಕು, ಏಕೆಂದರೆ ಲಕ್ವದ ಕೈಗೆ ಸಿಬಿರು ಚುಚ್ಚಿದ್ದು ಗೊತ್ತಾಗುವುದಿಲ್ಲ. ನೆಲ ಸಾರಿಸಿ ಹಸಿಯಾಗಿರುವಾಗ ಅಭ್ಯಾಸ ಬೇಡ. ಮುಂದಿನ ತುದಿಗೆ ಒಂದು ನಿಲುಗನ್ನಡಿ ಇದ್ದರೆ ರೋಗಿ ತಲೆ ತಗ್ಗಿಸಿ ಕಾಲನ್ನೇ ನೋಡುತ್ತಾ ನಡೆಯುವ ಚಟ ತಪ್ಪುತ್ತದೆ.

ಗಳ ನೆಟ್ಟ ಕೂಡಲೇ ನಡಿಗೆಯಲ್ಲ. ಮೊದಲು ಏಳುವುದು, ಕೂರುವುದು. ಹೊರಸಿನ ಅಂಚಿಗೆ ಸರಿದು, ಎರಡೂ ಪಾದ ನೆಲಕ್ಕೂರಿ, ಮೂಗು ಮೊಣಕಾಲಿಗಿಂತ ಮುಂದೆ ಬರುವಷ್ಟು ಬಾಗಿ ಏಳಬೇಕು, ಮೆಲ್ಲಗೆ ಕೂರಬೇಕು. ಇದು ನೋಡಲು ಏನೂ ಅಲ್ಲ, ಆದರೆ ತೊಡೆಗೆ ಬಲ ಬರುವುದು ಇಲ್ಲಿಂದಲೇ. ಆಮೇಲೆ ಗಳಗಳ ನಡುವೆ ನಿಂತು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು; ಸೋತ ಕಾಲಿನ ಮೇಲೆ ಭಾರ ನಿಂತ ಮೇಲಷ್ಟೇ ಹೆಜ್ಜೆ. ನಡೆಸುವವರು ಸೋತ ಬದಿಗೆ, ಅರ್ಧ ಹೆಜ್ಜೆ ಹಿಂದೆ ನಿಂತು, ರೋಗಿಯ ಸೊಂಟಕ್ಕೆ ಬಿಗಿಯಾಗಿ ಸುತ್ತಿದ ವಲ್ಲಿಯನ್ನು ಹಿಡಿಯಬೇಕು. ಸೋತ ಕೈ ಹಿಡಿದು ಎಳೆಯುವುದು ಬಹಳ ಮನೆಗಳಲ್ಲಿ ಕಾಣುವ ತಪ್ಪು. ಸ್ನಾಯುವಿನ ಬಿಗಿ ಕಳೆದುಕೊಂಡ ಭುಜ ಅದರಿಂದ ಜಾರುತ್ತದೆ, ನೋವು ತಿಂಗಳುಗಟ್ಟಲೆ ಕಾಡುತ್ತದೆ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ಆ ಹೊತ್ತಿಗೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಪಾದ ನೆಲಕ್ಕೆ ತರಚುತ್ತಿದ್ದರೆ ಕಣಕಾಲಿನ ಸ್ಪ್ಲಿಂಟ್ ಬೇಕೇ ಎಂದು ಕೇಳಬೇಕು.

ಕೂತು ತುಳಿಯುವ ಪೆಡಲ್ ಯಂತ್ರ, ಕೈಕಾಲು ಒಟ್ಟಿಗೆ ಆಡಿಸುವ ಜಿಮ್ ಸೈಕಲ್ಲು ಮೈಯನ್ನು ಸಡಿಲಗೊಳಿಸುತ್ತವೆ, ದಮ್ಮು ಕೊಡುತ್ತವೆ. ನಡಿಗೆ ಕಲಿಯಲು ಮಾತ್ರ ನಡೆಯಲೇಬೇಕು.

ಕೋಲಿಗೆ ಬಂದಾಗ ಬಹುತೇಕರು ಅದನ್ನು ಸೋತ ಬದಿಗೇ ಹಿಡಿಸುತ್ತಾರೆ. ಹಿಡಿಯಬೇಕಾದದ್ದು ಗಟ್ಟಿಯಿರುವ ಕೈಯಲ್ಲಿ. ಕೋಲೂ ಸೋತ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತದ್ದು ಮೊದಲು.

ಇನ್ನು ಮಕ್ಕಳ ವಿಷಯ. ನಡೆಯುವುದು ತಡವಾದ ಮಕ್ಕಳಿಗೆ ಅಂಗಡಿಯ ಬೇಬಿ ವಾಕರ್ ತರುವ ಬದಲು ಹಳೆಯ ಮೂರು ಗಾಲಿಯ ಮರದ ಗಾಡಿಯೇ ಮೇಲು. ಮಗು ಜಾರಿ ಬೀಳುವ ಅಪಾಯಕ್ಕೆ ಕೆನಡಾ ದೇಶ 2004ರಲ್ಲೇ ಬೇಬಿ ವಾಕರ್ ನಿಷೇಧಿಸಿತು. ಗಾಡಿ ಬೇಗ ಓಡದಂತೆ ಅದರ ಮೇಲೊಂದು ಭಾರ ಕಟ್ಟಿದರೆ ಆಯಿತು. ಸೆರೆಬ್ರಲ್ ಪಾಲ್ಸಿಯ ಶಾಲಾ ಮಕ್ಕಳಾದರೆ ಶಿಕ್ಷಣ ಇಲಾಖೆಯ ತಾಲ್ಲೂಕು ಬಿ.ಆರ್.ಸಿ. ಕಚೇರಿಯಲ್ಲಿ ಫಿಸಿಯೋಥೆರಪಿಯ ದಿನ ಯಾವುದೆಂದು ವಿಚಾರಿಸಬೇಕು.

ಉಪಕರಣ ಬೇಕಾದವರು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಎಂಬ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಬೇಕು. ಅಂಗವಿಕಲರ ಗುರುತಿನ ಯು.ಡಿ.ಐ.ಡಿ. ಕಾರ್ಡಿನ ಅರ್ಜಿಗೆ ದಾರಿ ತೋರಿಸುವವರು ಅವರೇ. ಅಂಗವೈಕಲ್ಯ 40% ಅಥವಾ ಹೆಚ್ಚೆಂದು ದೃಢಪಟ್ಟರೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಕ್ಯಾಲಿಪರ್, ಊರುಗೋಲುಗಳಿಗೆ ಅರ್ಜಿ ಹಾಕಬಹುದು. ಬಡ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್ ಸಿಗುತ್ತವೆ. ಹೆಚ್ಚಿನ ತಪಾಸಣೆಗೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹರಪನಹಳ್ಳಿ, ಕೊಟ್ಟೂರು ಕಡೆಯವರಿಗೆ ದಾವಣಗೆರೆ ಹತ್ತಿರ. ಅಲ್ಲಿ ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ, ಸಿ.ಆರ್.ಸಿ.ಯೂ ಇದೆ. ಹೋಗುವಾಗ ಆಸ್ಪತ್ರೆಯ ಕಾಗದಗಳ ಜೊತೆ ಎರಡು ವಸ್ತು ಇರಲಿ: ಅಂಗಳದಲ್ಲಿ ನಡೆಯುವುದನ್ನು ಮುಂದಿನಿಂದ ಮತ್ತು ಪಕ್ಕದಿಂದ ಹಿಡಿದ ವಿಡಿಯೊ, ರೋಗಿ ದಿನಾ ಮೆಟ್ಟುವ ಹಳೆಯ ಚಪ್ಪಲಿ. ಅಟ್ಟೆ ಯಾವ ಬದಿಗೆ ಸವೆದಿದೆ ಎಂದು ನೋಡಿಯೇ ಫಿಸಿಯೋಥೆರಪಿಸ್ಟ್ ಭಾರ ಎತ್ತ ಬೀಳುತ್ತಿದೆ ಎಂದು ಹೇಳಬಲ್ಲರು.